ಮೂವತ್ತೆರಡು ಸಾವಿರದ ಏಳುನೂರ ಅರವತ್ತೊಂದು ಚುಕ್ಕಿ

ಬಸ್ತಿಹಳ್ಳಿಯ ವೆಂಕಟಲಕ್ಷ್ಮಮ್ಮನವರಿಗೆ ಅನುಮಾನ ಅನ್ನುವುದು ಒಗ್ಗಿದ್ದೇ ಅಲ್ಲ. ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಅವರು ಒಂದು ಮಾತು ಆಡಿದರೆ ಮುಗಿಯಿತು, ಅದಕ್ಕೆ ಎದುರಿಲ್ಲ.

1997ರ ಧನುರ್ಮಾಸದ ಒಂದು ಶುಕ್ರವಾರ ತರಗತಿಯ ನೆಲದ ಮೇಲೆಯೇ ರಂಗೋಲಿ ಚುಕ್ಕಿ ಇಟ್ಟರು. ನಡುವಿನ ಸಾಲಿಗೆ ಹದಿನೈದು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆ ಮಾಡುತ್ತಾ ಎಂಟಕ್ಕೆ ನಿಲ್ಲಿಸುವ ಸಂದು ಚುಕ್ಕಿ. ಆರು ಮೂಲೆಯ ಆಕಾರ, ಒಟ್ಟು ನೂರ ಅರವತ್ತೊಂಬತ್ತು.

"ಇಷ್ಟೇ ಚುಕ್ಕೀನ ಹದಿಮೂರು ಸಾಲು, ಸಾಲಿಗೆ ಹದಿಮೂರರ ಹಂಗೆ ಇಡಿ. ಚೌಕಾನೂ ಆಯ್ತದೆ!"

"ಎರಡೂ ಆಗೋ ಸಂಖ್ಯೆ ಇದೊಂದೇನಾ ಮಿಸ್?" ಅಂದಳು ಮುಂದಿನ ಬೆಂಚಿನ ಮೇಘಶ್ರೀ.

"ಇನ್ನೂ ದೊಡ್ಡದು ಐತೆ ಕಣೇ. ಸೋಮವಾರ ತೋರಿಸ್ತೀನಿ."

ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಯಿಗೆ ಬಂತು, ಅಂದುಬಿಟ್ಟರು. ಸುದ್ದಿ ತಿಳಿದ ವಿಜ್ಞಾನದ ಮೇಷ್ಟ್ರು ಗಂಗಾಧರಪ್ಪ ಕಾಲೆಳೆದರು: "ಸಿಗದಿದ್ರೆ ಏನ್ ಮಾಡ್ತೀರಿ ಮೇಡಂ?"

"ಸಿಗದೆ ಎಲ್ಲಿಗೋಯ್ತದೆ ಸಾರ್?"

ಜಂಬವೇನೋ ಕೊಚ್ಚಿದರು, ಒಳಗೆ ಅಳುಕಿತ್ತು. ಲೆಕ್ಕ ಅಂದರೆ ನಡುಗುವ ಮಕ್ಕಳು ಅವರ ಮಾತನ್ನು ನಂಬಿಯೇ ಲೆಕ್ಕವನ್ನೂ ನಂಬಿದ್ದರು. ಮಾತು ಸುಳ್ಳಾದರೆ ಆ ಮಕ್ಕಳನ್ನು ಮತ್ತೆ ಹಿಡಿದು ಕೂರಿಸುವುದು ಹೇಗೆ?

ಶನಿವಾರ, ಭಾನುವಾರ ಅಡುಗೆಮನೆ ಗಂಡ ಮರಿಯಣ್ಣನ ಪಾಲಾಯಿತು. ವೆಂಕಟಲಕ್ಷ್ಮಮ್ಮ ದೊಡ್ಡ ದೊಡ್ಡ ಆಕಾರಗಳ ಲೆಕ್ಕಕ್ಕೆ ಕೂತರು. ಬೇಗ ಮುಗಿಯಲೆಂದು ನಡುವಿನ ಸಾಲಿನಿಂದ ಅಂಚಿನ ಸಾಲಿನವರೆಗೆ ಕೂಡಿ, ಬಂದದ್ದನ್ನು ಇಮ್ಮಡಿ ಮಾಡುತ್ತಾ ಹೋದರು. ಅಂಚಿನ ಸಾಲಿಗೆ ನೂರ ಇಪ್ಪತ್ತು ಚುಕ್ಕಿಯಿರುವ ಆಕಾರದವರೆಗೆ ಹೋದರೂ ಒಂದೂ ಚೌಕವಾಗಲಿಲ್ಲ.

"ಹೋಗ್ಲಿ ಬಿಡೇ, ಇಲ್ಲ ಅಂದ್ಬಿಡು," ಅಂದ ಮರಿಯಣ್ಣ, ಉಪ್ಪಿಟ್ಟು ಮುಂದಿಟ್ಟು.

"ಐತೆ ಸುಮ್ಕಿರಿ."

ಸೋಮವಾರ ಬೆಳಿಗ್ಗೆ ಬಾಗಿಲು ಸಾರಿಸಿ ರಂಗೋಲಿಗೆ ಕೂತರು. ನಡುವೆ ಹದಿನೈದು ಇಟ್ಟರು, ಮೇಲಿನ ಏಳು ಸಾಲು ಮುಗಿಸಿದರು, ಕೆಳಗಿನದಕ್ಕೆ ಹೊರಟ ಕೈ ಅಲ್ಲೇ ನಿಂತಿತು. ನಡುವಿನ ಸಾಲನ್ನು ಯಾರಾದರೂ ಎರಡು ಸಲ ಇಡುತ್ತಾರೆಯೇ? ಇಮ್ಮಡಿ ಮಾಡುವಾಗ ತಾವು ಪ್ರತಿ ಸಲವೂ ಅದನ್ನು ಎರಡು ಬಾರಿ ಎಣಿಸಿದ್ದರು. ಆ ಲೆಕ್ಕದಲ್ಲಿ ಈ ಪುಟ್ಟ ರಂಗೋಲಿಗೂ ನೂರ ಎಂಬತ್ತನಾಲ್ಕು ಚುಕ್ಕಿ ಬರುತ್ತಿತ್ತು! ತಮ್ಮ ಮೇಲೆ ಸಿಟ್ಟೂ ಬಂತು, ನಗುವೂ ಬಂತು. ರಂಗೋಲಿ ಅರ್ಧಕ್ಕೆ ಬಿಟ್ಟು ಒಳಗೆ ಓಡಿದರು.

ಒಂದೊಂದು ಉತ್ತರದಿಂದಲೂ ನಡುವಿನ ಸಾಲನ್ನು ಕಳೆಯುತ್ತಾ ಬಂದರು. ಅಂಚಿಗೆ ನೂರ ಐದು, ನಡುವಿಗೆ ಇನ್ನೂರ ಒಂಬತ್ತು ಇರುವ ಆಕಾರಕ್ಕೆ ಬಂದಾಗ 32,761 ಉಳಿಯಿತು. ಅದು 181ರ ವರ್ಗ. ವೆಂಕಟಲಕ್ಷ್ಮಮ್ಮ ಹಾಕಿದ ಕೂಗಿಗೆ ಮರಿಯಣ್ಣ ಹಾವೇ ಬಂತೆಂದು ದೊಣ್ಣೆ ಹಿಡಿದು ಬಂದ.

ತರಗತಿಗೆ ಗಂಗಾಧರಪ್ಪನವರೂ ಬಂದರು. ಬೋರ್ಡಿನ ಮೇಲೆ 181ನ್ನು 181ರಿಂದ ತಾವೇ ಗುಣಿಸಿದರು, ಅಳಿಸಿ ಮತ್ತೊಮ್ಮೆ ಗುಣಿಸಿದರು. "ಒಪ್ಪಿದೆ ಮೇಡಂ," ಅಂದರು. ಮಕ್ಕಳ ಚಪ್ಪಾಳೆ ಪಕ್ಕದ ಕೋಣೆಗೂ ಕೇಳಿಸಿತು.

"ಇದಕ್ಕಿಂತ ದೊಡ್ಡದೂ ಐತಾ ಮಿಸ್?" ಮತ್ತೆ ಮೇಘಶ್ರೀ.

ಐತೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ವೆಂಕಟಲಕ್ಷ್ಮಮ್ಮ ಅದನ್ನು ನುಂಗಿಕೊಂಡರು.

"ಗೊತ್ತಿಲ್ಲ ಕಣೇ," ಅಂದರು. ಆ ಶಾಲೆಯಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಚಾಕ್‌ಪೀಸನ್ನು ಹುಡುಗಿಯ ಕೈಗಿಟ್ಟರು. "ನೀನು ಹುಡುಕು. ಸಿಕ್ಕಿದ ಮೇಲೆ ನಂಗೂ ಹೇಳ್ಕೊಡು."