ಬೆಣ್ಣೆಗೆ ಬೇಯಿಸಿದ ಬಿಲ್ಲೆಗಳು

ಉಪ್ಪಿಲ್ಲದೆ, ಸಕ್ಕರೆಯಿಲ್ಲದೆ, ತುಪ್ಪದ ಒಂದು ಹನಿಯೂ ಇಲ್ಲದೆ ರಾಗಿಹಿಟ್ಟನ್ನು ತಿನಿಸಿನ ಪದವಿಗೇರಿಸುವುದು ಎಂಥ ದುಸ್ಸಾಹಸವೆಂಬುದನ್ನು ಅದಕ್ಕೆ ಕೈಹಾಕಿದವರೇ ಬಲ್ಲರು. ನೀರು ಕಡಿಮೆಯಾದರೆ ಹಿಟ್ಟು ಬಿರುಕು ಬಿಡುತ್ತದೆ, ಹೆಚ್ಚಾದರೆ ಬೆರಳಿಗಂಟಿ ಬಿಡುವುದೇ ಇಲ್ಲ. ಬೇಯಿಸಿದ ಮೇಲೆ ಒಂದೋ ಇಟ್ಟಿಗೆಯಾಗುತ್ತದೆ, ಇಲ್ಲವೇ ಪುಡಿಯಾಗಿ ಮತ್ತೆ ಹಿಟ್ಟೇ ಆಗಿಬಿಡುತ್ತದೆ. ಮನುಷ್ಯರ ಅಡುಗೆಮನೆಯಲ್ಲಿ ಇಂಥ ವೈರಾಗ್ಯದ ತಿನಿಸು ತಯಾರಾಗಬೇಕಾದರೆ ಆ ಮನೆಯಲ್ಲಿ ಒಬ್ಬ ರೋಗಿಯಿರಬೇಕು, ಇಲ್ಲವೇ ಒಂದು ನಾಯಿಯಿರಬೇಕು. ನಮ್ಮ ಮನೆಯಲ್ಲಿ ಇಬ್ಬರೂ ಇದ್ದರು.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಲ್ಲುಚಕ್ರ ಕೊರೆಯುವ ವಿಭಾಗವನ್ನು ನೋಡಿಕೊಂಡು ನಿವೃತ್ತನಾದವನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಆ ವೃತ್ತಿ, ಕೊನೆಗೆ ನನ್ನ ತಲೆಯ ಮೇಲೆ ಹೋಲಿಸಿ ನೋಡಲು ಒಂದು ಕೂದಲೆಳೆಯನ್ನೂ ಉಳಿಸಲಿಲ್ಲ. ಹೆಂಡತಿ ವಿಮಲಾ ದಾವಣಗೆರೆಯವಳು. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತ, ಸಂಧಿಸಮಾಸಗಳಿಂದ ಮಕ್ಕಳನ್ನೂ ಮುಖಭಾವದಿಂದ ನನ್ನನ್ನೂ ಹದ್ದುಬಸ್ತಿನಲ್ಲಿಟ್ಟಿದ್ದವಳು. ಮಾದನಾಯಕನಹಳ್ಳಿಯಲ್ಲಿ ನಾವು ಮನೆ ಕಟ್ಟಿದ ಹೊಸತರಲ್ಲಿ, ಒಂದು ಸಂಜೆ ಶಾಲೆಯಿಂದ ಬರುತ್ತ, ಗೋಡೌನಿನ ಮುಂದೆ ನಿಂತ ಲಾರಿಯ ಚಕ್ರದ ಹಿಂದಿನಿಂದ ಒಂದು ಹೆಣ್ಣು ನಾಯಿಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಗ್ರೀಸು ತೊಳೆದ ಮೇಲೆ ತಿಳಿಹಳದಿ ಬಣ್ಣ ಕಾಣಿಸಿತು. ದಾವಣಗೆರೆಯವರ ಮನೆಯಲ್ಲಿ ಬೆಣ್ಣೆಯಿಲ್ಲದಿದ್ದರೆ ಹೇಗೆಂದು ಅದಕ್ಕೆ ಬೆಣ್ಣೆ ಎಂದೇ ಹೆಸರಿಟ್ಟಳು. ನಮಗೆ ಮಕ್ಕಳಿರಲಿಲ್ಲ. ಆ ಮಾತನ್ನು ನಾವಿಬ್ಬರೂ ಎತ್ತುತ್ತಿರಲಿಲ್ಲ. ಬೆಣ್ಣೆ ಬಂದ ಮೇಲೆ ಎತ್ತುವ ಅಗತ್ಯವೂ ಬೀಳಲಿಲ್ಲ.

ನಾಯಿಗೆ ವಯಸ್ಸಾಗುತ್ತ ಬಂದ ಕಾಲಕ್ಕೇ ವಿಮಲಾಳಿಗೆ ಮರೆವಿನ ಕಾಯಿಲೆ ಹತ್ತಿತು. ವ್ಯಾಕರಣ ಕಲಿಸಿದವಳಲ್ಲವೇ, ಮರೆವೂ ಕ್ರಮಬದ್ಧವಾಗಿಯೇ ಬಂತು: ಮೊದಲು ಅಂಕಿತನಾಮಗಳು ಹೋದವು, ಆಮೇಲೆ ರೂಢನಾಮಗಳು. ಚಮಚ 'ಅದು' ಆಯಿತು, ಪಕ್ಕದ ಮನೆಯವರು 'ಅವರು' ಆದರು. ಕ್ರಿಯಾಪದಗಳು ಮಾತ್ರ ಗಟ್ಟಿಯಾಗಿ ಉಳಿದವು, ಅದರಲ್ಲೂ 'ತಿನ್ನು' ಎಂಬುದು. ಬೆಣ್ಣೆಯನ್ನು ಕಂಡ ಕೂಡಲೇ ಅದಕ್ಕೆ ಏನಾದರೂ ಕೊಡಬೇಕು; ಕೊಟ್ಟದ್ದು ಮರೆತುಹೋಗುವುದರಿಂದ ಮತ್ತೆ ಕೊಡಬೇಕು. ಬೆಣ್ಣೆಯಂತೂ 'ಆಗಲೇ ತಿಂದಿದ್ದೇನೆ ತಾಯಿ' ಎಂದು ನೆನಪಿಸುವ ಜಾತಿಯದಲ್ಲ.

ಒಂದು ಮಧ್ಯಾಹ್ನ ನಾನು ಪೆನ್ಷನ್ ಕೆಲಸಕ್ಕೆ ಬ್ಯಾಂಕಿಗೆ ಹೋಗಿ ಬರುವಷ್ಟರಲ್ಲಿ ಪಾಯಸಕ್ಕೆಂದು ತಂದಿಟ್ಟ ಒಣದ್ರಾಕ್ಷಿಯ ಡಬ್ಬಿ ಖಾಲಿಯಾಗಿತ್ತು. ಸಂಜೆಗೆ ನಾಯಿ ವಾಂತಿ ಮಾಡುತ್ತ ಮೂಲೆ ಸೇರಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆ. ಅಲ್ಲಿನ ವೈದ್ಯೆ, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಡ್ರಿಪ್ ಹಾಕಿ ನನ್ನ ಕಡೆ ತಿರುಗಿದಳು.

"ಅಂಕಲ್, ದ್ರಾಕ್ಷಿ ನಾಯಿಗಳಿಗೆ ವಿಷ. ಹಸೀದೂ ಅಷ್ಟೆ, ಒಣಗಿದ್ದೂ ಅಷ್ಟೆ. ಕಿಡ್ನಿನೇ ಹೋಗ್ಬಿಡುತ್ತೆ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವ್ದೂ ಕೊಡಂಗಿಲ್ಲ. ಶುಗರ್‌ಫ್ರೀ ಅಂತ ಬರೋ ಸ್ವೀಟಂತೂ ಮನೇಲೇ ಇಡ್ಬೇಡಿ. ಉಪ್ಪು, ಸಕ್ಕರೆ, ತುಪ್ಪ, ಬೆಣ್ಣೆ..."

"ಬೆಣ್ಣೆ ಇದರ ಹೆಸರು" ಎಂದೆ.

"ಬೆಣ್ಣೆಗೆ ಬೆಣ್ಣೇನೂ ಕೊಡ್ಬೇಡಿ" ಎಂದಳು. ಅಷ್ಟು ಆತಂಕದಲ್ಲೂ ಇಬ್ಬರೂ ನಕ್ಕೆವು.

ಕೆಲವು ದಿನ ಅಲೆದಾಡಿದ ಮೇಲೆ ರಕ್ತಪರೀಕ್ಷೆ ಸರಿಬಂತು, ಬೆಣ್ಣೆ ಮನೆಗೆ ಬಂತು. ನಾನು ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದೆ. ಸಮಸ್ಯೆಗೆ ಯಂತ್ರಜ್ಞನ ಪರಿಹಾರ! ಮರುದಿನ ನೋಡಿದರೆ ವಿಮಲಾ ಆ ಬೀಗವನ್ನು ಅಂಗೈಯಲ್ಲಿ ಹಿಡಿದು ನೆಲದ ಮೇಲೆ ಕೂತು ಅಳುತ್ತಿದ್ದಾಳೆ. "ಬಂದೋರಿಗೆ ಕೊಡಾಕ ಈ ಮನ್ಯಾಗ ಏನೂ ಇಲ್ಲೇನ್ರೀ?" ಎಂದು ಕೇಳಿದಳು. ಹೆಸರು ಮರೆತ ಬೆಣ್ಣೆ ಅವಳ ಪಾಲಿಗೆ ದಿನವೂ ಹಸಿದು ಬರುವ ಅತಿಥಿಯಾಗಿತ್ತು. ನಾನು ಬೀಗ ಹಾಕಿದ್ದು ಕಪಾಟಿಗಲ್ಲ, ಅವಳಲ್ಲಿ ಉಳಿದಿದ್ದ ಕೊನೆಯ ಗೃಹಿಣೀತನಕ್ಕೆ.

ಎದುರುಮನೆಯ ಲಕ್ಷ್ಮಮ್ಮ ಈ ಊರಿನ ಮೂಲದವರು. ಹೊಲವಿದ್ದ ಕಡೆ ಈಗ ಅವರ ಬಾಡಿಗೆ ಮನೆಗಳಿವೆ. ಉಳಿದ ತುಂಡು ನೆಲದಲ್ಲಿ ಹಟಕ್ಕೆ ಬಿದ್ದವರಂತೆ ಕುಂಬಳ ಬೆಳೆಯುತ್ತಾರೆ. "ನಾಯಿನ ನಮ್ ತ್ವಾಟಕ್ ಬುಟ್ಬುಡಿ ಸಾಮಿ. ಇಂಗೇ ಆದ್ರೆ ಒಂದಿನ ಅಮ್ಮೋರ ಕೈಯಾಗೇ ಸತ್ತೋಯ್ತದೆ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಒಂದು ಬೆಳಗ್ಗೆ ಬೆಣ್ಣೆಯ ಕೊರಳಿಗೆ ಹಗ್ಗ ಕಟ್ಟಿಯೂ ಆಯಿತು. ಅದು ಬಾಗಿಲಲ್ಲಿ ನಿಂತು ಒಳಗೆ ನೋಡಿತು. ಒಳಗಿನಿಂದ ವಿಮಲಾ "ಬಾ, ತಿನ್ನು" ಎಂದು ಕರೆದಳು. ಅದು ಹಗ್ಗದ ಸಮೇತ ಓಡಿತು. ನಾನೂ ಹಿಂದೆಯೇ ಹೋದೆ, ಆದರೆ ಹಗ್ಗ ಬಿಚ್ಚುವುದಕ್ಕೆ. ಅವಳು ಕೊಡುವುದನ್ನು ತಪ್ಪಿಸಲಾಗದು, ಅದು ತಿನ್ನುವುದನ್ನೂ ತಪ್ಪಿಸಲಾಗದು. ಅಂದಮೇಲೆ ನಡುವೆ ಇರುವ ತಿನಿಸನ್ನೇ ನಿರಪಾಯಕಾರಿಯನ್ನಾಗಿ ಮಾಡುವುದೊಂದೇ ದಾರಿ.

ಅಂಗಡಿಯ ಪೊಟ್ಟಣ ತಂದರಾಗದೇ ಎಂದು ನೀವು ಕೇಳಬಹುದು. ತಂದೆ. ನಾಯಿಯೊಂದು ಹಲ್ಲು ಕಿರಿದು ನಗುತ್ತಿದ್ದ ಆ ಪೊಟ್ಟಣವನ್ನು ವಿಮಲಾ ಹಿಂದೆ ಮುಂದೆ ತಿರುಗಿಸಿ, ಅಂಗಡಿಯದನ್ನು ಯಾರಾದರೂ ಮನೆಗೆ ಬಂದವರ ಮುಂದೆ ಇಡುತ್ತಾರೆಯೇ ಎಂಬಂತೆ ನನ್ನನ್ನು ದಿಟ್ಟಿಸಿ, ಕಸದ ಬುಟ್ಟಿಗೆ ಹಾಕಿದಳು. ಹೀಗೆ ಜೀವಮಾನದಲ್ಲಿ ಚಹಾ ಬಿಟ್ಟು ಇನ್ನೇನನ್ನೂ ಕಾಯಿಸದ ನಾನು ಬಾಣಸಿಗನಾದೆ. ವೈದ್ಯೆಯನ್ನು ಕೇಳಿಕೊಂಡು ರಾಗಿಹಿಟ್ಟಿಗೆ ಲಕ್ಷ್ಮಮ್ಮನ ಸಿಹಿಗುಂಬಳವನ್ನು ಬೇಯಿಸಿ ಕಿವುಚಿ ಬೆರೆಸಿದೆ. ಮೊದಲ ಸಲದ ಬಿಲ್ಲೆಗಳು ನೆಲಕ್ಕೆ ಬಿದ್ದರೆ ಪೀಣ್ಯದ ಸದ್ದು ಮಾಡುತ್ತಿದ್ದವು. ಎರಡನೆಯ ಸಲದವು ಗಾತ್ರದಲ್ಲಿ ಒಂದೇ ಅಳತೆಗೆ ಬಂದು ನನ್ನ ವೃತ್ತಿಗೌರವವನ್ನೇನೋ ಕಾಪಾಡಿದವು, ಆದರೆ ಕೈಗೆತ್ತಿಕೊಂಡ ಕೂಡಲೇ ಉದುರಿದವು. ಮೊಟ್ಟೆ ಹಾಕಿದರೆ ಅಂಟುತ್ತದೆಂದು ವೈದ್ಯೆ ಹೇಳಿದ್ದಳು. ವಿಭೂತಿ ಧರಿಸಿ ಒಲೆ ಹಚ್ಚುತ್ತಿದ್ದವಳ ಅಡುಗೆಮನೆಯಲ್ಲಿ ಅದನ್ನು ಒಡೆಯಲು ನನಗೆ ಕೈ ಬರಲಿಲ್ಲ. "ನಮ್ಮನೇಲ್ ಕಲ್ಸ್ಕೊಡ್ತೀನಿ ಬುಡಿ, ಚಿಪ್ಪೂ ನಿಮ್ಮನೆಗ್ ಬರಾಕಿಲ್ಲ" ಎಂದು ಲಕ್ಷ್ಮಮ್ಮ ಅಭಯವಿತ್ತರು.

ಅದರ ಅಗತ್ಯ ಬೀಳಲಿಲ್ಲ. ನಾನು ಮತ್ತೊಮ್ಮೆ ಹಿಟ್ಟಿನೊಡನೆ ಸೆಣಸುತ್ತಿದ್ದಾಗ ವಿಮಲಾ ಬಂದು ನೋಡಿ, ನನ್ನನ್ನು ಮೊಳಕೈಯಿಂದ ಸರಿಸಿದಳು. ನೀರು ಕುದಿಸಿ ಹಿಟ್ಟಿನ ಮೇಲೆ ಹೊಯ್ದಳು, ಸೌಟಿನಿಂದ ತಿರುವಿದಳು, ಬಿಸಿಯಿರುವಾಗಲೇ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದಳು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ. ರೊಟ್ಟಿಯ ಹದ ಬಂತು. ಒಂದೇ ಒಂದು ಬಿರುಕಿಲ್ಲ. ಅಭ್ಯಾಸಬಲದಿಂದ ಅವಳ ಕೈ ಉಪ್ಪಿನ ಡಬ್ಬಿಯ ಕಡೆ ಹೋಯಿತು. ನಾನು ಮೆಲ್ಲಗೆ ಅದನ್ನು ಹಿಂದೆ ಸರಿಸಿದೆ.

"ಉಪ್ಪಿಲ್ದ ಯಾರ್ ತಿಂತಾರ್ರೀ?"

"ಬೆಣ್ಣೆಗೆ ಉಪ್ಪು ಬೇಡ."

"ಬೆಣ್ಣಿ ಯಾರು?" ಎಂದಳು. ಬೆಣ್ಣೆ ಅವಳ ಪಾದದ ಮೇಲೆಯೇ ಗದ್ದವೂರಿ ಮಲಗಿತ್ತು.

ಅಂದಿನಿಂದ ಹುಣಸೆಬೀಜದಷ್ಟು ಚಿಕ್ಕ ಬಿಲ್ಲೆಗಳು ನಮ್ಮ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯತೊಡಗಿದವು. ಅವಳು ನಾದುವುದು, ನಾನು ಕತ್ತರಿಸುವುದು. ಎಷ್ಟು ಕೊಟ್ಟಳೋ ಅಷ್ಟನ್ನು ನಾಯಿಯ ಊಟದಲ್ಲಿ ಕಡಿಮೆ ಮಾಡುತ್ತಿದ್ದೆ. ಬಿಲ್ಲೆಗಳ ನಡುವೆ ಬೇಯಿಸಿದ ಬೀನ್ಸು, ಕ್ಯಾರೆಟ್ಟಿನ ಚೂರುಗಳನ್ನೂ ಸೇರಿಸಿಡುತ್ತಿದ್ದೆ. ದಿನವಿಡೀ ಅವಳು ಕೊಟ್ಟಳು, ದಿನವಿಡೀ ಅದು ತಿಂದಿತು, ಯಾರಿಗೂ ಏನೂ ಆಗಲಿಲ್ಲ. ಮದುವೆಯಾದಂದಿನಿಂದ ನಾವಿಬ್ಬರೂ ಒಂದೇ ಪಾತ್ರೆಯಲ್ಲಿ ಕೈಯಿಟ್ಟು ಮಾಡಿದ ಕೆಲಸ ಅದೊಂದೇ ಇರಬೇಕು. ಸುಖವೆನ್ನುವುದು ಇಷ್ಟು ಸಪ್ಪೆಯಾಗಿಯೂ ಇರಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಈ ವರ್ಷ ಬೇಸಿಗೆಯ ಕೊನೆಗೆ ಬೆಣ್ಣೆ ತಿನ್ನುವುದನ್ನು ಬಿಟ್ಟಿತು. ಬಿಲ್ಲೆಯನ್ನು ಬಾಯಲ್ಲಿ ತೆಗೆದುಕೊಂಡು, ಕೊಟ್ಟವಳಿಗೆ ಬೇಸರವಾಗದಿರಲೆಂಬಂತೆ ಸ್ವಲ್ಪ ಹೊತ್ತು ಇಟ್ಟುಕೊಂಡು, ಅವಳು ಅತ್ತ ತಿರುಗಿದ ಮೇಲೆ ಮೆಲ್ಲಗೆ ನೆಲಕ್ಕೆ ಬಿಡುತ್ತಿತ್ತು. ಕಿಡ್ನಿ ಸೋತಿದೆಯೆಂದು ವೈದ್ಯೆ ಹೇಳಿದಳು. "ಆವತ್ತಿನ ದ್ರಾಕ್ಷಿಯಿಂದಲಾ?" ಎಂದು ಕೇಳಿದೆ. "ವಯಸ್ಸೂ ಇರ್ಬೋದು, ಅದೂ ಇರ್ಬೋದು. ಹೇಳಕ್ಕಾಗಲ್ಲ ಅಂಕಲ್" ಎಂದಳು. ಆ ಮಾತನ್ನು ನಾನು ಮನೆಯವರೆಗೆ ತರಲಿಲ್ಲ. ವಿಮಲಾಳ ಕಾಯಿಲೆ ಅವಳಿಗೆ ಮಾಡಿದ ಒಂದೇ ಒಂದು ಉಪಕಾರವೆಂದರೆ ಆ ಡಬ್ಬಿಯನ್ನು ಮರೆಸಿದ್ದು.

ಬೆಣ್ಣೆ ಅವಳ ಮಡಿಲಲ್ಲೇ ಹೋಯಿತು. ನಿದ್ದೆ ಮಾಡುತ್ತಿದೆಯೆಂದು ಅವಳು ತಟ್ಟುತ್ತಲೇ ಇದ್ದಳು. ಲಕ್ಷ್ಮಮ್ಮ ತಮ್ಮ ಕುಂಬಳದ ಬಳ್ಳಿಯ ಪಕ್ಕದಲ್ಲಿ ಜಾಗ ಕೊಟ್ಟರು. ಗುದ್ದಲಿಯನ್ನೂ ಅವರೇ ಹಿಡಿದರು.

ಮರುದಿನ ವಿಮಲಾ ಬಿಲ್ಲೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. "ಎಲ್ಲಿ ಹೋತು?" ಎಂದಳು. ಸತ್ಯ ಹೇಳಿದೆ. ಎದೆ ಒಡೆಯುವಂತೆ ಅತ್ತಳು. ಸಂಜೆ ಮತ್ತೆ ಅದೇ ತಟ್ಟೆ, ಅದೇ ಪ್ರಶ್ನೆ. ಮತ್ತೆ ಹೇಳಿದೆ, ಈಗಷ್ಟೇ ಕೇಳಿದವಳ ಹಾಗೆ ಮತ್ತೆ ಅತ್ತಳು. ನಮ್ಮ ದುಃಖ ದಿನಕಳೆದಂತೆ ಸವೆಯುತ್ತದೆ. ಅವಳದು ಪ್ರತಿಸಲವೂ ಹೊಚ್ಚಹೊಸದು. ಒಂದೇ ಸಾವಿಗೆ ಒಬ್ಬಳನ್ನು ಎಷ್ಟು ಸಲ ಅಳಿಸಬಹುದು? ಆಮೇಲಿನಿಂದ "ಹೊರಗೆ ಹೋಗಿದೆ, ಬರುತ್ತದೆ" ಎನ್ನತೊಡಗಿದೆ. ಹಿಟ್ಟು ನಾದುವುದನ್ನು ಮಾತ್ರ ಅವಳು ನಿಲ್ಲಿಸಲಿಲ್ಲ, ಕತ್ತರಿಸುವುದನ್ನು ನಾನೂ ನಿಲ್ಲಿಸಲಿಲ್ಲ. ತಿನ್ನುವವರಿಲ್ಲದೆ ಉಳಿದ ಹಿಂದಿನ ದಿನದ ಬಿಲ್ಲೆಗಳನ್ನು ಗೋಡೌನಿನ ಬೀದಿನಾಯಿಗಳಿಗೆ ಹಾಕಿ ಬರುತ್ತಿದ್ದೆ.

ಕಳೆದ ವಾರ ಹಾಗೆ ಹಾಕಿ ಬಂದು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ವಿಮಲಾ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. ನನ್ನನ್ನು ನೋಡಿದಳು, ಪರಿಚಯವಿಲ್ಲದ, ಆದರೆ ಮರ್ಯಾದಸ್ಥನೆಂದು ಕಂಡ ಒಬ್ಬ ಮನುಷ್ಯನನ್ನು ನೋಡುವಂತೆ.

"ಬರ್ರಿ, ಕೂಡ್ರಿ. ನಮ್ಮನಿಯವ್ರು ಹೊರಗ ಹೋಗ್ಯಾರ, ಬರ್ತಾರ" ಎಂದಳು.

ಕೂತೆ.

"ಊಟ ಆತೇನ್ರೀ ನಿಮ್ದು?"

"ಇಲ್ಲ" ಎಂದೆ.

ಒಳಗೆ ಹೋಗಿ ತಟ್ಟೆ ತಂದಳು. ಒಂದು ಬಿಲ್ಲೆಯನ್ನೆತ್ತಿ, ಅದರ ಮೇಲಿನ ಪುಡಿಯನ್ನು ಊದಿ, ನನ್ನ ಅಂಗೈಯಲ್ಲಿಟ್ಟಳು. "ತಿನ್ರಿ. ನಾನ ಮಾಡೀನಿ."

ಬಾಯಿಗೆ ಹಾಕಿಕೊಂಡೆ. ನುಂಗುವವರೆಗೂ ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು. ಆಮೇಲೆ ಅವಳ ಮುಖ ಅರಳಿತು. ಎಷ್ಟೋ ದಿನಗಳಿಂದ ಅದು ಹೀಗೆ ಅರಳಿದ್ದನ್ನು ನಾನು ಕಂಡಿರಲಿಲ್ಲ.

"ಇನ್ನೊಂದ್?" ಎಂದಳು.

ಕೈ ಚಾಚಿದೆ.