ಕಾಲರ್ ಮಾತ್ರ

ಹದಿನಾಲ್ಕು ವರ್ಷ ಅವನು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅಂಗಿಯ ಕಾಲರ್ ಹೊಲಿದ. ಕಾಲರ್ ಮಾತ್ರ. ತೋಳು ಪಕ್ಕದ ಸಾಲಿನವರದು, ಜೇಬು ಅದರಾಚೆಯವರದು. ಕಾಲರ್ ಹೊಲಿದು ಮುಂದಕ್ಕೆ ತಳ್ಳಿದರೆ ಆ ಅಂಗಿಯ ಋಣ ಮುಗಿಯಿತು. ಬೆನ್ನ ಹಿಂದೆ ಗಡಿಯಾರ ನೋಡುತ್ತ ನಿಲ್ಲುವ ಸೂಪರ್‌ವೈಸರ್, ಶೌಚಾಲಯಕ್ಕೆ ಹೋಗಲೂ ಟೋಕನ್, ಇವೆಲ್ಲ ಸಾಕುಸಾಕಾಗಿತ್ತು. ಯಾರ ಕೈಕೆಳಗೂ ಬೇಡ, ನಮ್ಮದೇ ಟೈಲರ್ ಅಂಗಡಿ ಇಡೋಣ ಎಂದು ಹೆಂಡತಿಯ ತಲೆ ತಿಂದ.

"ಪೂರ್ತಿ ಅಂಗಿ ಹೊಲಿಯೋಕೆ ಬರುತ್ತೇನ್ರೀ ನಿಮಗೆ?" ಎಂದಳು ಅವಳು.

"ಕಷ್ಟದ್ದೇ ಕಾಲರ್ರು. ಅದು ಬಂದ್ಮೇಲೆ ಮಿಕ್ಕಿದ್ದೇನು ಮಹಾ."

ಅಂಗಡಿ ತೆರೆದ ಎರಡನೇ ವಾರ ಒಬ್ಬಾತ ಇವನು ಹೊಲಿದ ಹೊಸ ಅಂಗಿ ತೊಟ್ಟುಕೊಂಡೇ ಬಂದ. ಬಟ್ಟೆ ಕೊಟ್ಟು ಹೋಗಿದ್ದವಳು ಅವನ ಹೆಂಡತಿ. ಅವನು ಇತ್ತ ಕಾಲಿಟ್ಟದ್ದು ಇದೇ ಮೊದಲು. ಎಡತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ ನಿಂತಿತ್ತು, ಬಲತೋಳು ಬೆರಳುಗಳನ್ನೇ ನುಂಗಿತ್ತು.

"ಓನರ್ ಎಲ್ಲಿ?"

ಹದಿನಾಲ್ಕು ವರ್ಷದ ಅಭ್ಯಾಸ. ಇವನು ತಟ್ಟನೆ ಎದ್ದು ನಿಂತ. "ಊಟಕ್ಕೆ ಹೋಗಿದಾರೆ ಸಾರ್."

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ಇವನ ಹೆಂಡತಿ ತಲೆ ಎತ್ತಲಿಲ್ಲ.

ಬಂದವನು ಕನ್ನಡಿಯಲ್ಲಿ ಒಮ್ಮೆ ನೋಡಿಕೊಂಡು ಕೊಂಚ ತಣ್ಣಗಾದ. "ಕಾಲರ್ ಮಾತ್ರ ಚೆನ್ನಾಗಿ ಕೂತಿದೆ. ಇದನ್ನ ಯಾರು ಹೊಲಿದಿದ್ದು?"

"ನಾನೇ ಸಾರ್."

"ಮತ್ತೆ ತೋಳು?"

"ಅದು ಓನರ್ ಕೆಲಸ ಸಾರ್," ಎಂದು ಇವನು ದನಿ ತಗ್ಗಿಸಿದ. "ನಿಮಗದು ಬರಲ್ಲ ಅಂತ ಹೇಳಿದ್ರೆ ಎಲ್ಲಿ ಕೇಳ್ತಾರೆ."