ಕಂಬಳಿ ಅಂಗಿ ತೊಟ್ಟ ಕಾರು

ನಾನು ಹೊಸದುರ್ಗದಲ್ಲಿ ಬಟ್ಟೆ ಹೊಲಿಯುವವನು, ಹೆಸರು ಮುರುಗಪ್ಪ. ಮದುವೆ ರವಿಕೆ, ಶಾಲೆ ಮಕ್ಕಳ ಸಮವಸ್ತ್ರ, ಮಠದ ಮರಿಸ್ವಾಮಿಗಳ ಜುಬ್ಬ ಎಲ್ಲ ಹೊಲಿದಿದ್ದೇನೆ. ಕಾರಿನ ಕೊಳವೆಗೆ ಅಂಗಿ ಹೊಲಿದ ದರ್ಜಿ ಮಾತ್ರ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಹೊಲಿಸಿದವರು ನಮ್ಮ ಪಕ್ಕದ ಮನೆಯ ಜಯಕುಮಾರ್. ಅವರ ವಿಷಯ ಹೇಳಲು ಹೊರಟರೆ ಕಾರಿನಿಂದಲೇ ಶುರುಮಾಡಬೇಕಾಗುತ್ತದೆ.

ಜಯಕುಮಾರ್ ಒಂದು ಖಾಸಗಿ ಡೈರಿಯಲ್ಲಿ ಇನ್ಸ್‌ಪೆಕ್ಟರ್. ಹಳ್ಳಿಹಳ್ಳಿಯ ಹಾಲಿನ ಕೇಂದ್ರಗಳಿಗೆ ಹೇಳದೆ ಕೇಳದೆ ಹೋಗಿ, ಕ್ಯಾನಿನೊಳಗೆ ಅಳತೆ ಕಡ್ಡಿ ಇಳಿಬಿಟ್ಟು, ಹಾಲಿಗೆ ನೀರು ಬೆರೆಸಿದ್ದಾರೋ ಇಲ್ಲವೋ ನೋಡುವುದು ಅವರ ಕೆಲಸ. ಅವರು ನೋಡದ ದಿನಗಳಲ್ಲಿ ಎಲ್ಲ ಊರಿನ ಹಾಲೂ ಒಂದೇ ಟ್ಯಾಂಕರಿಗೆ ಬೀಳುವುದರಿಂದ ಯಾರ ಹಾಲು ಎಂಥದು ಎಂದು ಶಿವನಿಗೂ ತಿಳಿಯುವುದಿಲ್ಲ. ಒಟ್ಟಿನಲ್ಲಿ ಕಳ್ಳರನ್ನು ಹಿಡಿಯುವ ನೌಕರಿ. ಮನುಷ್ಯ ನೋಡಲು ಮಾತ್ರ ತೀರಾ ಸಾದಾ. ಮಾತು ಮೆತ್ತಗೆ. ಹೋಟೆಲಿನಲ್ಲಿ ಎರಡು ಸಲ ಕೂಗಿದರೂ ಸಪ್ಲೈಯರ್ ತಿರುಗಿ ನೋಡುತ್ತಿರಲಿಲ್ಲ. ಅದು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. 'ಜಯಕುಮಾರ್ ಬಂದ' ಎಂದರೆ ಜನ ಎದ್ದು ನಿಲ್ಲಬೇಕು ಎಂಬ ಆಸೆ ಅವರಿಗೆ ಎಷ್ಟಿತ್ತೆಂಬುದು ಅವರ ಹೆಂಡತಿ ದೀಪಾಗೆ ಗೊತ್ತಿತ್ತು, ಗೋಡೆ ತೆಳ್ಳಗಿರುವುದರಿಂದ ನಮಗೂ ಗೊತ್ತಿತ್ತು.

ಹಳೆಯ ಡೀಸೆಲ್ ಕಾರೊಂದನ್ನು ಕೊಂಡ ಮೇಲೆ ಅವರಿಗೆ ಹೊಸ ಚಿಂತೆ ಹತ್ತಿಕೊಂಡಿತು. ಹೊಳಲ್ಕೆರೆ ಕಡೆಯ ರಸ್ತೆಯಲ್ಲಿ ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಎಂಥದ್ದೆಂದು ಬಿಳಿ ಅಂಗಿ ಹಾಕಿಕೊಂಡು ಓಡಾಡಿದವರನ್ನು ಕೇಳಬೇಕು. ಎಂಜಿನ್ ಉಸಿರಾಡುವುದೂ ಅದೇ ಗಾಳಿಯನ್ನೇ ತಾನೆ? ಜಯಕುಮಾರ್ ಮೊಬೈಲಿನಲ್ಲಿ ಯಾರು ಯಾರದೋ ವಿಡಿಯೊ ನೋಡಿ, ಕಾರಿನೊಂದಿಗೆ ಬಂದಿದ್ದ, ಎಂಜಿನ್ನಿಗೆ ಗಾಳಿ ಸೋಸಿಕೊಡುವ ಕಪ್ಪು ಪ್ಲಾಸ್ಟಿಕ್ ಡಬ್ಬವನ್ನು ಕಿತ್ತು ಅಟ್ಟಕ್ಕೆ ಎಸೆದು, ಹೊರಗಿನಿಂದ ತರಿಸಿದ ಕೆಂಪು ಶಂಕುವಿನಾಕಾರದ ಫಿಲ್ಟರನ್ನೂ ದಪ್ಪ ಕೊಳವೆಯನ್ನೂ ಹಾಕಿಸಿದರು. ಇನ್ನು ಮುಂದೆ ಗಾಡಿ ನಿರಾಳವಾಗಿ ಉಸಿರಾಡುತ್ತದೆ ಎಂದರು. ಉಸಿರಾಡಿತು ನಿಜ. ಡಬ್ಬದ ಮರೆ ಇಲ್ಲದ್ದರಿಂದ ಆ ಉಸಿರು ಇಡೀ ಓಣಿಗೆ ಕೇಳಿಸಿತು. ಬೆಳಗಿನ ಜಾವ ಅವರು ಕಾರು ಹೊರಡಿಸಿದರೆ ನಮ್ಮ ಮನೆಯ ಪಾತ್ರೆ ಸ್ಟ್ಯಾಂಡ್ ನಡುಗುತ್ತಿತ್ತು. ನಾನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ.

ಆ ಫಿಲ್ಟರಿಗೆ ನಡೆಯುತ್ತಿದ್ದ ಉಪಚಾರ ಬಾಣಂತಿಗೂ ನಡೆಯುವುದಿಲ್ಲ. ಭಾನುವಾರ ಬಂತೆಂದರೆ ಅದನ್ನು ಬಿಚ್ಚಿ, ಬೋಸಿಯಲ್ಲಿ ಉಗುರುಬೆಚ್ಚಗಿನ ನೀರಿಟ್ಟು, ಮಕ್ಕಳ ಶಾಂಪೂ ಹಾಕಿ ನೆನೆಸುವರು. ನೀರನ್ನು ಒಳಗಿನಿಂದ ಹೊರಕ್ಕೆ ಬಿಡಬೇಕಂತೆ, ಹೊರಗಿನಿಂದ ಬಿಟ್ಟರೆ ಧೂಳು ಇನ್ನೂ ಒಳಗೆ ಕೂರುತ್ತದಂತೆ. ಬಿಸಿಲಿಗೆ ಇಡಬಾರದು, ಒಳಗಿನ ಹತ್ತಿ ಬಟ್ಟೆ ಸೆಟೆದುಕೊಳ್ಳುತ್ತದೆ. ನೆರಳಿನಲ್ಲಿ ಇಡೀ ದಿನ ಒಣಗಬೇಕು. ಆಮೇಲೆ ಮಡಿಕೆ ಮಡಿಕೆಗೂ ತೆಳ್ಳಗೆ ಎಣ್ಣೆ ಸವರಬೇಕು, ಧೂಳನ್ನು ಹಿಡಿದಿಟ್ಟುಕೊಳ್ಳುವುದು ಆ ಎಣ್ಣೆಯೇ. ಮೇಲೆ ಹಾಲು ಸೋಸುವ ನೈಲಾನ್ ಬಟ್ಟೆಯ ಒಂದು ಟೊಪ್ಪಿಗೆ.

"ಮದ್ವೆಯಾಗಿ ಇಷ್ಟು ವರ್ಷ ಆತು, ಒಂದು ಲೋಟ ತೊಳ್ದು ಕೊಟ್ಟೋರಲ್ಲ. ಈಗ ನೋಡ್ರಿ," ಎಂದು ದೀಪಾ ಕಾಂಪೌಂಡಿನ ಮೇಲಿಂದ ನನ್ನ ಹೆಂಡತಿಗೆ ತೋರಿಸುತ್ತಿದ್ದಳು.

ಅಷ್ಟು ಮಾಡಿದರೂ ಬೇಸಿಗೆಯಲ್ಲಿ ಹಿರಿಯೂರು ಕಡೆ ಹೋದರೆ ಕಾರು ಮಂಕಾಗುತ್ತಿತ್ತು. ಮೆಕ್ಯಾನಿಕ್ ಮಂಜಣ್ಣ ಬಾನೆಟ್ ಎತ್ತಿ ನೋಡಿ, "ಡಬ್ಬ ತೆಗ್ದಿದ್ದೀರಲ್ಲ ಸಾರ್, ಎಂಜಿನ್ ಮೈಮೇಲಿನ ಬಿಸಿ ಗಾಳಿನೇ ವಾಪಸ್ ಎಳ್ಕಂತೈತೆ. ಮರೆ ಮಾಡ್ರಿ," ಎಂದ. ಜಯಕುಮಾರ್ ಡೈರಿಯಲ್ಲಿ ನಗ್ಗಿ ಮೂಲೆ ಸೇರಿದ್ದ ಅಲ್ಯೂಮಿನಿಯಂ ಕ್ಯಾನೊಂದನ್ನು ಕೇಳಿ ತಂದು, ಕತ್ತರಿಸಿ, ಎಂಜಿನ್ನಿಗೂ ಫಿಲ್ಟರಿಗೂ ನಡುವೆ ತಡೆಗೋಡೆ ನಿಲ್ಲಿಸಿದರು. ಕೊಳವೆಗೆ ಏನು ಸುತ್ತುವುದು ಎಂದು ಯೋಚಿಸಿ ಯೋಚಿಸಿ, ಕೊನೆಗೆ ಚಳ್ಳಕೆರೆ ಕಡೆಯ ಕರಿಕಂಬಳಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು.

"ಅಲ್ಲ ಮಾರಾಯ್ರೆ, ಸೆಕೆ ಅಂತ ಅಂದ್ರೆ ಕಂಬಳಿ ಹೊದಿಸ್ತಾರೇನ್ರಿ?" ಎಂದೆ ನಾನು.

"ಐಸ್‌ಕ್ಯಾಂಡಿಯೋನು ಡಬ್ಬಕ್ಕೆ ಗೋಣಿಚೀಲ ಯಾಕೆ ಸುತ್ತಿರ್ತಾನೆ? ಕಂಬಳಿ ಬಿಸಿ ಮಾಡಲ್ಲ ಮುರುಗಪ್ಪಣ್ಣ. ಹೊರಗಿಂದು ಹೊರಗೆ, ಒಳಗಿಂದು ಒಳಗೆ ಇಡ್ತೈತೆ, ಅಷ್ಟೇ."

ನಾನು ಟೇಪು ತೆಗೆದುಕೊಂಡೆ. ತೋಳಿನ ಅಳತೆ ತೆಗೆದಂತೆ ಕೊಳವೆಯ ಅಳತೆ ತೆಗೆದು, ಮೊಣಕೈ ತಿರುವಿನಲ್ಲಿ ನೆರಿಗೆ ಕೊಟ್ಟು, ತೊಳೆಯಲು ಬಿಚ್ಚುವಂತಿರಲಿ ಎಂದು ಒತ್ತುಗುಂಡಿ ಹಚ್ಚಿದೆ. ಬೆಂಕಿಯಂತೆ ಕಾಯುವ ಹೊಗೆಕೊಳವೆಗೆ ಅಂಗಿ ತಾಗದಂತೆ ಮಂಜಣ್ಣ ತಂತಿ ಕಟ್ಟಿದ. ಬಾನೆಟ್ ಎತ್ತಿದರೆ ಒಳಗೆ ಕುರಿ ಮಲಗಿದ ಹಾಗೆ ಕಾಣುತ್ತಿತ್ತು. ಕೆಲಸವನ್ನೇನೋ ಮಾಡಿತು, ಹಿರಿಯೂರಿನ ಬಿಸಿಲಲ್ಲೂ ಕಾರು ಹುರುಪಿನಿಂದ ಓಡಿತು. ಆದರೆ ಸದ್ದು ಒಂದಿಷ್ಟೂ ತಗ್ಗಲಿಲ್ಲ.

ಇಷ್ಟರಲ್ಲಿ ನೌಕರಿಯಲ್ಲಿ ಅವರಿಗೆ ಒಳ್ಳೆಯ ಕಾಲ ಬಂದಿತ್ತು. ಹಿಂದೆಲ್ಲ ಅವರು ಹೋದಾಗ ನಾಲ್ಕರಲ್ಲಿ ಒಂದು ಕೇಂದ್ರದಲ್ಲಾದರೂ ನೀರು ಸಿಕ್ಕಿ, ಜಗಳವಾಗಿ, ಮುಖ ಇಳಿಸಿಕೊಂಡು ಬರುತ್ತಿದ್ದರು. ಈಗ ಎಲ್ಲಿ ಕಡ್ಡಿ ಇಳಿಸಿದರೂ ಹಾಲು ಚೊಕ್ಕ. ಹೋದಲ್ಲೆಲ್ಲ ಜನ ಬಾಗಿಲಿಗೇ ಬಂದು ಕಾಯುತ್ತಿದ್ದರು, "ಬರ್ರಿ ಸಾರ್, ಕುಂತ್ಕಳ್ರಿ," ಎನ್ನುತ್ತಿದ್ದರು, ಕಾಫಿ ಆಗಲೇ ಕುದಿಯುತ್ತಿರುತ್ತಿತ್ತು. ತಮ್ಮ ಪ್ರಾಮಾಣಿಕತೆ ಜನರ ಮನಸ್ಸಿಗೆ ನಾಟಿದೆ ಎಂದು ಜಯಕುಮಾರ್ ನಂಬಿದರು. ನಡೆ ಬದಲಾಯಿತು. ಹೋಟೆಲಿನಲ್ಲಿ ಒಂದೇ ಕೂಗಿಗೆ ಸಪ್ಲೈಯರ್ ಬರತೊಡಗಿದ. ಚಿತ್ರದುರ್ಗದ ಆಫೀಸಿನಲ್ಲಿ ಮ್ಯಾನೇಜರ್ ಪ್ರಸನ್ನಕುಮಾರ್ ಎಲ್ಲರೆದುರು ಹೊಗಳಿದರು. ನಾಲ್ಕು ತಾಲ್ಲೂಕುಗಳಿಗೆ ಸೇರಿ ಒಂದು ತಪಾಸಣಾ ತಂಡ ಆಗಲಿದೆ, ಅದಕ್ಕೆ ಜಯಕುಮಾರ್ ಅವರೇ ಮುಖ್ಯಸ್ಥ, ಕೊನೆಯ ಒಂದು ಸುತ್ತಿನ ವರದಿ ತಂದುಕೊಟ್ಟರೆ ಆಯಿತು ಎಂದೂ ಹೇಳಿ ಕಳಿಸಿದರು. ಬದುಕಿನಲ್ಲಿ ಮೊದಲ ಸಲ ಆ ಮನುಷ್ಯ ಓಣಿಯಲ್ಲಿ ಎದೆ ಎತ್ತಿ ನಡೆದದ್ದನ್ನು ನಾನು ಕಂಡೆ. ಸದ್ದಿನ ಸಿಟ್ಟಿದ್ದರೂ ನನಗೆ ಖುಷಿಯೇ ಆಯಿತು.

ಕೊನೆಯ ಸುತ್ತಿಗೆ ಗಾಡಿ ಜೋರಾಗಿರಲಿ ಎಂದು ಅವರು ಫಿಲ್ಟರಿಗೆ ಎಣ್ಣೆಯನ್ನು ಧಾರಾಳವಾಗಿ ಕುಡಿಸಿದರು. ನಮ್ಮ ಕಡೆಯವರ ಬುದ್ಧಿಯೇ ಹೀಗೆ, ಒಳ್ಳೆಯದು ಎಂದು ಗೊತ್ತಾದರೆ ಒಂದು ಸೌಟು ಜಾಸ್ತಿ. ಮಾರನೆಯ ಬೆಳಿಗ್ಗೆ ಕಾರು ಓಣಿಯ ತುದಿ ಮುಟ್ಟುವಷ್ಟರಲ್ಲಿ ಕೆಮ್ಮಿ, ಬಿಕ್ಕಳಿಸಿ ನಿಂತಿತು. ಮಂಜಣ್ಣ ಬಂದು ನೋಡಿದ.

"ಎಣ್ಣೆ ಸೋರಿ ಗಾಳಿ ಅಳೆಯೋ ಸೆನ್ಸರ್‌ಗೆ ಮೆತ್ಕಂಡೈತೆ ಸಾರ್. ಸೆನ್ಸರ್ ನಾನು ಕ್ಲೀನ್ ಮಾಡ್ತೀನಿ. ಫಿಲ್ಟರ್ ಮತ್ತೆ ತೊಳ್ದು ಒಣಗೋಗಂಟ ಇದನ್ನ ಮುಟ್ಟಬ್ಯಾಡ್ರಿ."

ವರದಿ ಕೊಡದೆ ವಿಧಿಯಿಲ್ಲ. ಜಯಕುಮಾರ್ ಬ್ಯಾಗು ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ಬಂದರು. ಹಾಲುರಾಮೇಶ್ವರದ ದಾರಿಯ ಒಂದು ಹಳ್ಳಿಗೆ ಹೋಗಬೇಕಿತ್ತು. ಅದೇ ಹಳ್ಳಿಯ ಮದುವೆ ಮನೆಗೆ ನಾನು ರವಿಕೆ ಕೊಡಬೇಕಿತ್ತು. "ಒಟ್ಟಿಗೇ ಹೋಗಾಣ ಬರ್ರಿ," ಎಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರು ಆ ಕೇಂದ್ರದ ಕೆಂಚಣ್ಣನನ್ನು ಹೊಗಳಿದರು. ಹಾಲು ಅಂದರೆ ಅವನದು, ಮರ್ಯಾದೆ ಅಂದರೆ ಅವನದು.

ನಾವು ಹೋದಾಗ ಕೇಂದ್ರದ ಬಾಗಿಲಿನಲ್ಲಿ ಯಾರೂ ಕಾಯುತ್ತಿರಲಿಲ್ಲ, ಕಾಫಿಯೂ ಕುದಿಯುತ್ತಿರಲಿಲ್ಲ. ಒಳಗೆ ಕೆಂಚಣ್ಣ ನಲ್ಲಿಗೆ ಸಿಕ್ಕಿಸಿದ ಪೈಪನ್ನು ಹಾಲಿನ ಕ್ಯಾನಿಗೆ ಬಿಟ್ಟುಕೊಂಡು ಆರಾಮವಾಗಿ ಬೀಡಿ ಸೇದುತ್ತಿದ್ದ. ನಮ್ಮನ್ನು ಕಂಡು ಪೈಪು ತೆಗೆಯುವುದನ್ನೂ ಮರೆತ. ಹೆದರಿದ ಎಂದುಕೊಂಡೆ. ಇಲ್ಲ, ಅವನಿಗೆ ಬಂದದ್ದು ಸಿಟ್ಟು.

"ಏನ್ ಸಾರ್ ಇದು? ಗಾಡಿ ಎಲ್ಲೈತೆ?"

"ಕೆಟ್ಟೈತೆ," ಎಂದರು ಜಯಕುಮಾರ್.

"ಕೆಟ್ರೆ ಒಂದು ಫೋನ್ ಮಾಡಬಾರ್ದಾ? ನಿಮ್ ಗಾಡಿ ಕೆರೆ ಏರಿ ಹತ್ತಿದ್ರೆ ಇಲ್ಲಿಗೆ ಕೇಳ್ತೈತೆ, ಸುತ್ತ ಎಂಟೂರು ಅದನ್ನೇ ನಂಬ್ಕಂಡೈತೆ. ಹಿಂದಿದ್ದೋರು ಕಳ್ಳರಂಗೆ ನುಗ್ಗೋರು. ನೀವು ದೊಡ್ಡ ಮನುಷ್ಯರು, ಸದ್ದು ಮಾಡ್ಕಂಡು ಬರ್ತೀರಿ ಅಂತ ಎಷ್ಟು ಹೇಳ್ಕಂಡು ತಿರುಗಿದೀನಿ ಗೊತ್ತಾ? ನೀವೂ ಹಿಂಗೆ ಮಾಡಿದ್ರೆ ಯಾರನ್ನ ನಂಬಬೇಕು ಸಾರ್?"

ಅವನ ಕಣ್ಣಿನಲ್ಲಿ ನೀರಿತ್ತೆಂದರೆ ನೀವು ನಂಬುವುದಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ನಿಂತವರು ಜಯಕುಮಾರ್. ಕ್ಯಾನು ತುಂಬಿ ಹಾಲು ನೆಲಕ್ಕೆ ಹರಿಯತೊಡಗಿದ ಮೇಲೆ ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.

ವಾಪಸು ಬರುವಾಗ ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಆ ಮರ್ಯಾದೆ ಎಲ್ಲಾ ನನ್ನನ್ನ ನೋಡಿ ಅಂದ್ಕಂಡಿದ್ದೆ ಮುರುಗಪ್ಪಣ್ಣ," ಎಂದರು. ಹೇಗಿದ್ದರೂ ಯಾರಿಗೂ ಗೊತ್ತಿಲ್ಲ, ಹಾಲು ಚೊಕ್ಕ ಎಂದು ಹೇಳಿ ಪದವಿ ಹಿಡಿದುಕೊಳ್ಳಿ ಎಂದು ನಾನು ಬುದ್ಧಿ ಹೇಳಿದೆ. ಅವರು ಕೇಳಲಿಲ್ಲ. ಮಾರನೆಯ ದಿನವೇ ಚಿತ್ರದುರ್ಗಕ್ಕೆ ಹೋಗಿ ಪ್ರಸನ್ನಕುಮಾರ್ ಎದುರು ಎಲ್ಲವನ್ನೂ ಒಪ್ಪಿಸಿಬಿಟ್ಟರು. ತಾವು ಯಾರನ್ನೂ ತಿದ್ದಿಲ್ಲ, ಜನ ಹೆದರಿದ್ದು ಫಿಲ್ಟರಿನ ಸದ್ದಿಗೆ, ತಮಗೆ ಪದವಿ ಬೇಡ ಎಂದರು.

ಅಲ್ಲಿ ಆದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ. ಮ್ಯಾನೇಜರ್ ಪೆನ್ನು ಕೆಳಗಿಟ್ಟು ಕೇಳಿದರಂತೆ.

"ಸದ್ದು ಕೇಳಿದ ದಿನ ನೀರು ಹಾಕಲ್ಲ ಅಂತೀರಿ, ಹೌದಲ್ರೀ?"

"ಹೌದು ಸಾರ್."

"ಹಂಗಾದ್ರೆ ದಿನಾ ಕೇಳಿಸ್ರಿ. ಕಳ್ಳರನ್ನ ಹಿಡಿದ್ರೆ ಅವರು ಹಾಲು ತಗಂಡು ಬೇರೆ ಡೈರಿಗೆ ಹೋಗ್ತಾರೆ. ನನಗೆ ಬೇಕಾಗಿರೋದು ಹಾಲು. ತಂಡದ ಎಲ್ಲಾ ಗಾಡಿಗೂ ಅದೇ ಫಿಲ್ಟರ್ ಹಾಕ್ಸಿ, ನೀವೇ ನಿಂತು ನೋಡ್ಕಳ್ರಿ."

ಹೀಗೆ ಜಯಕುಮಾರ್ ಮುಖ್ಯಸ್ಥರಾದರು. ಫಿಲ್ಟರನ್ನು ಒಳಗಿನಿಂದ ಹೊರಕ್ಕೆ ತೊಳೆಯುವುದು, ನೆರಳಿನಲ್ಲಿ ಒಣಗಿಸುವುದು, ಎಣ್ಣೆಯನ್ನು ಹಿಡಿತದಲ್ಲಿ ಸವರುವುದನ್ನು ಉಳಿದ ಇನ್ಸ್‌ಪೆಕ್ಟರುಗಳಿಗೆ ಕಲಿಸಿದರು. ಕಂಬಳಿ ಅಂಗಿಗಳ ಕೆಲಸ ನನಗೇ ಬಂತು. ಹೊಳಲ್ಕೆರೆಯಿಂದ ಹರಿಯಬ್ಬೆಯವರೆಗೆ ಬೆಳಗಾದರೆ ಗಾಡಿಗಳು ಗುಟುರು ಹಾಕುತ್ತಾ ಸುತ್ತತೊಡಗಿದವು. ನೀರು ಬೆರೆಸಲು ಪುರುಸೊತ್ತೇ ಸಿಗದೆ ಹಾಲು ನಿಜಕ್ಕೂ ಚೊಕ್ಕವಾಯಿತು. ನಾನು ಚಹಾ ಮಾಡಿಸಿಕೊಂಡು ಕುಡಿಯುವಾಗ ಹಾಲಿನ ಗಟ್ಟಿತನ ನಾಲಿಗೆಗೇ ತಿಳಿಯುತ್ತದೆ, ಒಪ್ಪಲೇಬೇಕು.

ಜಯಕುಮಾರ್ ಮಾತ್ರ ಮತ್ತೆ ಎದೆ ಎತ್ತಿ ನಡೆಯಲಿಲ್ಲ. ಕೊನೆಗೆ ಸುತ್ತಿನ ಹಳ್ಳಿಗಳವರೆಲ್ಲ ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡರು, ಮುಂದಾಳು ಕೆಂಚಣ್ಣನೇ. ಹೋಗುವುದಿಲ್ಲ ಎಂದು ಕೂತವರನ್ನು ದೀಪಾ ಹೊಸ ಅಂಗಿ ತೊಡಿಸಿ ಹೊರಡಿಸಿದಳು, ಜೊತೆಗೆ ನಾನೂ ಹೋದೆ. ಕೆಂಚಣ್ಣನ ಕೇಂದ್ರದ ಮುಂದೆ ಕಾರು ನಿಂತಿತು. ಓಲಗ ಶುರುವಾಯಿತು. ಸೇವಂತಿಗೆಯ ದೊಡ್ಡ ಹಾರವನ್ನು ಎರಡೂ ಕೈಯಲ್ಲಿ ಹಿಡಿದು ಕೆಂಚಣ್ಣ ಎದುರಿಗೆ ಬಂದ. ಎಷ್ಟಾದರೂ ಮನುಷ್ಯನಲ್ಲವೇ, ಜಯಕುಮಾರ್ ಅವರ ಮುಖ ಅರಳಿತು. ಕಾರಿನ ಪಕ್ಕದಲ್ಲಿ ನಿಂತು ಕುತ್ತಿಗೆ ಬಾಗಿಸಿದರು. ಕೆಂಚಣ್ಣ ಅವರನ್ನು ದಾಟಿ ಹೋಗಿ ಹಾರವನ್ನು ಬಾನೆಟ್ಟಿಗೆ ಹಾಕಿ ಕೈ ಮುಗಿದ. ಜನ ಚಪ್ಪಾಳೆ ತಟ್ಟಿದರು.

ನನಗೆ ಆ ಹಾರ ಕಿತ್ತು ಎಸೆಯುವಷ್ಟು ಕೋಪ ಬಂತು. ಜಯಕುಮಾರ್ ಬಗ್ಗಿದ ಕುತ್ತಿಗೆಯನ್ನು ಮೆಲ್ಲಗೆ ಎತ್ತಿ, ಕಾರಿನ ಮುಂದಕ್ಕೆ ನಡೆದರು.

"ಅಲ್ಲಿ ಬ್ಯಾಡ ಕೆಂಚಣ್ಣ, ಎಸಳು ಉದುರಿ ಫಿಲ್ಟರ್‌ಗೆ ಹೋಗ್ತಾವೆ," ಎಂದರು. ಹಾರವನ್ನು ತಮ್ಮ ಕೈಯಾರೆ ತೆಗೆದು, ಸ್ವಲ್ಪ ಈಚೆಗೆ ಸರಿಸಿ, ಕಾರಿಗೇ ಮತ್ತೆ ಹಾಕಿದರು.